ಒಲೆ ಮೇಲಿನ ಡಬ್ಬದಲ್ಲಿ ಹನ್ನೆರಡು ಕ್ಯಾಸೆಟ್

ಮಡಿಕೇರಿ
ಕಕ್ಕಡದ ಮೊದಲ ವಾರ (ಕೊಡಗಿನಲ್ಲಿ ಜೋರು ಮಳೆಯ ತಿಂಗಳು)

ಗೆಳೆಯಾ,

ನಿನ್ನ ಪ್ರಶ್ನೆ ಬಂದು ಹದಿನೈದು ದಿನ ಆಯಿತು. ಕರೆಂಟಿಲ್ಲ, ನೆಟ್‌ವರ್ಕಿಲ್ಲ, ರಸ್ತೆಗೆ ಮರ ಬಿದ್ದಿದೆ ಅಂತ ಹೇಳಿದರೆ ಈ ತಿಂಗಳಲ್ಲಿ ಕೊಡಗಿನವರನ್ನು ಯಾರೂ ತಿರುಗಿ ಕೇಳುವುದಿಲ್ಲ. ಆದರೆ ನಿಜ ಹೇಳುತ್ತೇನೆ. ಕರೆಂಟು ಇತ್ತು. ಪಟ್ಟಿ ಬರೆಯುತ್ತಾ ಕೂತಿದ್ದೆ. ಬರೆದೆ, ಹೊಡೆದು ಹಾಕಿದೆ, ಮತ್ತೆ ಬರೆದೆ.

"2001ರಿಂದ 2010ರವರೆಗೆ ಬಂದ ಕನ್ನಡ ಆಲ್ಬಮ್‌ಗಳಲ್ಲಿ ನಮ್ಮ ಮಕ್ಕಳ ಕಾಲಕ್ಕೂ ಉಳಿಯುವಂಥದ್ದು ಯಾವುದು? ಹತ್ತು ಹೆಸರು ಸಾಕು. ಕಾರಣ ಬೇಡ." ಹೀಗೆ ಬರೆದಿದ್ದೀಯಾ. ಕಾರಣ ಬೇಡ ಅಂದರೆ ಹೇಗೆ ಮಾರಾಯ? ಕಾರಣ ಹೇಳೋದೇ ಅಲ್ವಾ ನಮ್ಮಿಬ್ಬರ ಹಳೆಯ ಕೆಲಸ? ಮಾದಾಪುರದಲ್ಲಿ ನಾಲ್ಕನೇ ಇಡ್ಲಿ ತಣ್ಣಗಾಗುವವರೆಗೂ ನೀನು ಹಂಸಲೇಖ ಪರ ವಾದ ಮಾಡಿದ್ದು ನನಗೆ ನೆನಪಿದೆ. ಆ ಇಡ್ಲಿಗೆ ಆಮೇಲೆ ಏನಾಯಿತು ಅನ್ನೋದನ್ನು ಮಾತ್ರ ಬರೆಯೋದಿಲ್ಲ. ಎಲ್ಲರೂ ಓದುವ ಜಾಗ ಇದು.

ಎಲ್ಲರೂ ಓದಲಿ ಅಂತಲೇ ಇಲ್ಲಿ ಹಾಕುತ್ತಿದ್ದೇನೆ. ಈ ಪ್ರಶ್ನೆ ನಮ್ಮಿಬ್ಬರದಷ್ಟೇ ಅಲ್ಲ. ನಮ್ಮ ಜೊತೆ ಮಡಿಕೇರಿ–ಸೋಮವಾರಪೇಟೆ ಬಸ್ಸಿನಲ್ಲಿ ನಿಂತುಕೊಂಡು ಹಾಡು ಕೇಳಿದವರು ತುಂಬ ಜನ ಇದ್ದಾರೆ. ಅವರೆಲ್ಲರ ಹತ್ತಿರವೂ ಒಂದೊಂದು ಪಟ್ಟಿ ಇರುತ್ತೆ. ನನ್ನದನ್ನು ನೋಡಿ ಬೈಯುವವರು ಬೈಯಲಿ. ಹಾಡಿನ ವಿಷಯಕ್ಕೆ ಬೈಸಿಕೊಂಡರೆ ನನಗೆ ಸಂತೋಷವೇ.

ಮೊದಲು ಡಬ್ಬದ ವಿಷಯ ಬರೆಯಬೇಕು. ನಿನಗೆ ಗೊತ್ತು, ಉಳಿದವರಿಗೆ ಗೊತ್ತಿಲ್ಲ. ಕೊಡಗಿನ ಮಳೆಗಾಲದಲ್ಲಿ ಬೂಷ್ಟು ಹಿಡಿಯದ ವಸ್ತು ಇಲ್ಲ. ಚಪ್ಪಲಿ, ಬೆಲ್ಟು, ಮದುವೆಯ ಫೋಟೋ, ಕಪಾಟಿನಲ್ಲಿ ಇಟ್ಟ ಕೋಟು, ಎಲ್ಲಕ್ಕೂ ಹಿಡಿಯುತ್ತೆ. ಕ್ಯಾಸೆಟ್ಟಿನ ಟೇಪಿಗೂ ಹಿಡಿಯುತ್ತಿತ್ತು. ಜೂನ್‌ನಲ್ಲಿ ಹೊರಗೆ ಬಿಟ್ಟ ಕ್ಯಾಸೆಟ್ಟನ್ನು ಸೆಪ್ಟೆಂಬರಿನಲ್ಲಿ ಹಾಕಿದರೆ ಹಾಡುವವರು ಕಂಬಳಿ ಹೊದ್ದು ಹಾಡಿದ ಹಾಗೆ ಕೇಳಿಸುತ್ತಿತ್ತು. ಅದಕ್ಕೇ ನಮ್ಮ ಮನೆಯಲ್ಲಿ ಒಂದು ಬಿಸ್ಕತ್ತಿನ ತಗಡಿನ ಡಬ್ಬ ಇತ್ತು. ಅದನ್ನು ಅಡುಗೆಮನೆಯಲ್ಲಿ ಒಲೆಯ ಮೇಲಿನ ಅಟ್ಟದಲ್ಲಿ ಇಡುತ್ತಿದ್ದೆವು. ಪಕ್ಕದಲ್ಲೇ ಒಣಗಲು ತೂಗು ಹಾಕಿದ ಮಾಂಸ, ಏಲಕ್ಕಿಯ ಚೀಲ. ಅಲ್ಲಿ ಇಟ್ಟದ್ದಕ್ಕೆ ಬೂಷ್ಟು ಬರುತ್ತಿರಲಿಲ್ಲ. ಹೊಗೆಯ ವಾಸನೆ ಮಾತ್ರ ಹೋಗುತ್ತಿರಲಿಲ್ಲ.

ಡಬ್ಬದಲ್ಲಿ ಹನ್ನೆರಡು ಕ್ಯಾಸೆಟ್ ಹಿಡಿಯುತ್ತಿತ್ತು. ಹದಿಮೂರನೆಯದು ಹಾಕಿದರೆ ಮುಚ್ಚಳ ಕೂರುತ್ತಿರಲಿಲ್ಲ. ಹಾಗಾಗಿ ಪ್ರತಿ ವರ್ಷ ಮೇ ಕೊನೆಯ ಭಾನುವಾರ ಮನೆಯಲ್ಲಿ ಸಭೆ. ಅಪ್ಪ, ಅವ್ವ, ನಾನು, ಮತ್ತೆ ಪಕ್ಕದ ತೋಟದಿಂದ ಬಂದು ಕೂರುತ್ತಿದ್ದ ನೀನು. ಮೂರು ಸೀಟು ಖಾಯಂ. ಅಪ್ಪನಿಗೆ ಬಂಗಾರದ ಮನುಷ್ಯ. ಅವ್ವನಿಗೆ ಸಿ. ಅಶ್ವಥ್ ರಾಗ ಹಾಕಿದ ಮೈಸೂರು ಮಲ್ಲಿಗೆ. ಇಬ್ಬರೂ ಬಿಟ್ಟುಕೊಡದೆ ಇದ್ದ ಇನ್ನೊಂದು, ಪ್ರೇಮಲೋಕ. ಉಳಿದ ಒಂಬತ್ತಕ್ಕೆ ನಾವೆಲ್ಲ ಹೊಡೆದಾಡಬೇಕಿತ್ತು. ಅಪ್ಪನ ನಿಯಮ ಒಂದೇ. ಕ್ಯಾಸೆಟ್ ಡಬ್ಬಕ್ಕೆ ಹೋಗಬೇಕಾದರೆ ಎರಡೂ ಬದಿಯ ಎಲ್ಲ ಹಾಡುಗಳ ಹೆಸರನ್ನು ಕವರ್ ನೋಡದೆ ಹೇಳಬೇಕು. "ನೆನಪಿಲ್ಲದ್ದನ್ನು ಒಣಗಿಸಿ ಇಟ್ಟು ಏನು ಮಾಡ್ತೀರಾ?" ಅನ್ನುತ್ತಿದ್ದರು.

ಯಾವ ಆಲ್ಬಮ್ ಉಳಿಯುತ್ತೆ ಅನ್ನೋದಕ್ಕೆ ಇದಕ್ಕಿಂತ ಒಳ್ಳೆಯ ಪರೀಕ್ಷೆ ನನಗೆ ಇವತ್ತಿಗೂ ಸಿಕ್ಕಿಲ್ಲ. ಒಂದು ಹಾಡು ಹಿಟ್ ಆಗುವುದು ಬೇರೆ. ಒಂದು ಆಲ್ಬಮ್ ನಿಲ್ಲುವುದು ಬೇರೆ.

ಆಪ್ತಮಿತ್ರ ನೆನಪಿದೆಯಾ? 2004. ಊರೆಲ್ಲ ಅದೇ. ಗುರುಕಿರಣ್ ಸಂಗೀತ. ನೀನು ತುಂಬ ಆಸೆಯಿಂದ ತಂದಿದ್ದೆ. ಮುಂದಿನ ಮೇ ಸಭೆಯಲ್ಲಿ ಎರಡು ಹಾಡಿನ ಹೆಸರು ಹೇಳಿ ಮೂರನೆಯದಕ್ಕೆ ಬಾಯಿ ಕಟ್ಟಿತು. ಅಪ್ಪ ಏನೂ ಹೇಳದೆ ಕ್ಯಾಸೆಟ್ ತೆಗೆದು ನಿನ್ನ ಕೈಗೆ ಕೊಟ್ಟರು. ದುನಿಯಾಕ್ಕೂ ಅದೇ ಗತಿ. ವಿ. ಮನೋಹರ್ ಮಾಡಿದ ಆ "ಕರಿಯಾ" ಹಾಡನ್ನು 2007ರಲ್ಲಿ ಹಾಡದ ಆಟೋ ಇರಲಿಲ್ಲ. ಆ ಒಂದು ಹಾಡು ಖಂಡಿತ ಉಳಿಯುತ್ತೆ. ಆದರೆ ಆಲ್ಬಮ್ ಅಂತ ಡಬ್ಬಕ್ಕೆ ಹೋಗಲಿಲ್ಲ. ಆರ್. ಪಿ. ಪಟ್ನಾಯಕ್ ಅವರ ಎಕ್ಸ್‌ಕ್ಯೂಸ್ ಮಿ ಎರಡು ಮಳೆಗಾಲ ಡಬ್ಬದಲ್ಲಿತ್ತು. ಮೂರನೇ ವರ್ಷ ಜಾಗ ಬಿಡಬೇಕಾಯಿತು, ಯಾಕೆಂದರೆ ಆ ವರ್ಷ ಒಟ್ಟಿಗೆ ಮೂರು ಒಳ್ಳೆಯವು ಬಂದವು.

2005. ಈ ವರ್ಷದ ಬಗ್ಗೆ ಯಾರೂ ಸರಿಯಾಗಿ ಮಾತಾಡೋದಿಲ್ಲ ಅಂತ ನನಗೆ ಬೇಜಾರು. ಎಲ್ಲರೂ 2006ರ ಕೊನೆಗೆ ಓಡುತ್ತಾರೆ. ಆದರೆ 2005ರಲ್ಲಿ ಜೋಗಿ ಬಂತು, ನೆನಪಿರಲಿ ಬಂತು, ಅಮೃತಧಾರೆ ಬಂತು. ಒಂದೇ ವರ್ಷ! ಜೋಗಿ ಉಳಿಯುತ್ತೆ ಅಂತ ನಾನು ಬರೆದು ಕೊಡುತ್ತೇನೆ. ಗುರುಕಿರಣ್ ಅಲ್ಲಿ ಮಾಡಿದ ಗದ್ದಲವೆಲ್ಲ ಹಳೆಯದಾಗಬಹುದು. ಆದರೆ "ಎಲ್ಲೋ ಜೋಗಪ್ಪ ನಿನ್ನ ಅರಮನೆ" ಅನ್ನುವ ಜನಪದ ಹಾಡು ಆ ಸಿನಿಮಾಕ್ಕಿಂತ ಎಷ್ಟೋ ಮೊದಲಿನದು. ಅದು ಆ ಆಲ್ಬಮ್ಮನ್ನು ಹೆಗಲ ಮೇಲೆ ಹೊತ್ತು ದಾಟಿಸುತ್ತೆ. ನೆನಪಿರಲಿ ನಿನ್ನ ಹಂಸಲೇಖ ಅವರದು. ಪ್ರೇಮಲೋಕ ಮಾಡಿ ಹದಿನೆಂಟು ವರ್ಷ ಆದ ಮೇಲೂ ಒಬ್ಬರು ಮೈಸೂರಿನ ಕುಕ್ಕರಹಳ್ಳಿ ಕೆರೆಯನ್ನು ಹಿಡಿದುಕೊಂಡು ಅಷ್ಟು ಲವಲವಿಕೆಯ ಹಾಡು ಮಾಡಬಹುದು ಅಂದರೆ! ಆವತ್ತು ಇಡ್ಲಿ ಮುಂದೆ ನಾನು ಒಪ್ಪಿರಲಿಲ್ಲ. ಈಗ ಒಪ್ಪುತ್ತೇನೆ. ನೀನು ಹೇಳಿದ್ದೇ ಸರಿ.

ಸಿನಿಮಾ ಹೊರಗಿನದಕ್ಕೂ ಒಂದು ಸೀಟು ಇಡಬೇಕು. 2008ರಲ್ಲಿ ಬಂದ ರಘು ದೀಕ್ಷಿತ್ ಅವರ ಮೊದಲ ಆಲ್ಬಮ್. ಅದರಲ್ಲಿ "ಗುಡುಗುಡಿಯ ಸೇದಿ ನೋಡೋ" ಇದೆ. ಅದನ್ನು ಬರೆದ ಶಿಶುನಾಳ ಶರೀಫರು 1889ರಲ್ಲಿ ತೀರಿಕೊಂಡವರು. ಅವರನ್ನು ನಮ್ಮ ಅಪ್ಪ ಅವ್ವಂದಿರ ಕಾಲಕ್ಕೆ ಮನೆ ಮನೆಗೆ ತಂದವರು ಅಶ್ವಥ್. ಆಮೇಲೆ ಗಿಟಾರ್ ಹಿಡಿದು ನಮ್ಮ ಹಾಸ್ಟೆಲ್ ರೂಮಿಗೆ ತಂದವರು ರಘು. ಅವ್ವ ಮೊದಲ ಸಲ ಕೇಳಿದಾಗ ಮುಖ ಗಂಟು ಹಾಕಿದರು. ಎರಡನೇ ಸಲಕ್ಕೆ ಸೌಟು ಹಿಡಿದ ಕೈಯಲ್ಲೇ ತಾಳ ಹಾಕಿದರು. 2009ರ ಡಿಸೆಂಬರ್ 29ಕ್ಕೆ ಅಶ್ವಥ್ ಹೋದರು. ಅವರು ಹುಟ್ಟಿದ್ದೂ ಡಿಸೆಂಬರ್ 29. ಆವತ್ತು ಅವ್ವ ಡಬ್ಬದಿಂದ ಮೈಸೂರು ಮಲ್ಲಿಗೆ ತೆಗೆದು, ಎರಡೂ ಬದಿ ಮುಗಿಯುವವರೆಗೆ ಅಡುಗೆಮನೆಯಿಂದ ಆಚೆ ಬರಲಿಲ್ಲ. ಕೆ. ಎಸ್. ನರಸಿಂಹಸ್ವಾಮಿ ಅವರ ಆ ಪುಸ್ತಕ ಬಂದದ್ದು 1942ರಲ್ಲಿ. ಉಳಿಯೋದು ಅಂದರೆ ಇದು ಅಂತ ಆವತ್ತು ನನಗೆ ಅನಿಸಿತ್ತು.

ಇನ್ನೂ ಹಿಂದಕ್ಕೆ ಹೋದರೆ ಆಲ್ಬಮ್ ಅನ್ನುವ ಮಾತೇ ಇಲ್ಲ. ಪುತ್ತರಿ ಹಬ್ಬಕ್ಕೆ ಪಕ್ಕದ ಐನ್‌ಮನೆಯಲ್ಲಿ, ಅಂದರೆ ಕುಲದ ದೊಡ್ಡ ಮನೆಯಲ್ಲಿ, ನಾಲ್ಕು ಜನ ದುಡಿ ಅನ್ನುವ ಸಣ್ಣ ಡೋಲು ಹಿಡಿದು ಹಾಡುತ್ತಿದ್ದರಲ್ಲ, ಬಾಳೋ ಬಾಳೋ ಅಂತ. ಅಂಥ ಹಾಡುಗಳನ್ನು ನಡಿಕೇರಿಯಂಡ ಚಿಣ್ಣಪ್ಪ ಪಟ್ಟೋಲೆ ಪಳಮೆ ಅನ್ನುವ ಪುಸ್ತಕದಲ್ಲಿ ಸೇರಿಸಿ 1924ರಲ್ಲಿ ಅಚ್ಚು ಹಾಕಿಸಿದರು. ನೂರು ವರ್ಷ ದಾಟಿತು. ಕಟ್ಟಿದವರು ಯಾರು ಅಂತ ಹಾಡುವವರಿಗೂ ಗೊತ್ತಿಲ್ಲ. ಹಾಡು ಮಾತ್ರ ಇದೆ. ನಾವು ಮಾಡುವ ಪಟ್ಟಿಗಳನ್ನು ಅದರ ಮುಂದೆ ಇಟ್ಟು ನೋಡಬೇಕು ಅಂತ ನನಗೆ ಒಮ್ಮೊಮ್ಮೆ ಅನಿಸುತ್ತೆ.

ಸರಿ. ನೀನು ಕಾಯುತ್ತಿರುವುದು ಬೇರೆ ಹೆಸರಿಗೆ. ಬರುತ್ತೇನೆ.

ಮುಂಗಾರು ಮಳೆ ತೆರೆಗೆ ಬಂದದ್ದು 2006ರ ಡಿಸೆಂಬರ್ 29ಕ್ಕೆ. ನೋಡು, ಅಶ್ವಥ್ ಅವರದ್ದೇ ತಾರೀಕು. ನಾವು ಕುಶಾಲನಗರಕ್ಕೆ ಹೋಗಿ ನೋಡಿದೆವು. ಕಥೆ ನಡೆಯೋದು ನಮ್ಮ ಮಡಿಕೇರಿಯಲ್ಲಿ. ಆದರೆ ಶೂಟಿಂಗ್ ಸಕಲೇಶಪುರದಲ್ಲೂ ಜೋಗದಲ್ಲೂ ಆಗಿತ್ತು. ಒಂದು ರಸ್ತೆ ಬಂದಾಗ ನೀನು ಎದ್ದು ನಿಂತು "ಇದು ನಮ್ಮ ರಸ್ತೆ ಅಲ್ಲ!" ಅಂತ ಕೂಗಿದೆ. ಹಿಂದಿನ ಸಾಲಿನಲ್ಲಿ ಇದ್ದ ಅಜ್ಜ ಏನು ಹೇಳಿದರು ಅಂತ ನಿನಗೆ ನೆನಪಿರಬೇಕು. ನಾನು ಬರೆಯೋದಿಲ್ಲ.

2007ರ ಮೇ ಸಭೆಯಲ್ಲಿ ಆ ಕ್ಯಾಸೆಟ್ಟಿಗೆ ಪರೀಕ್ಷೆಯೇ ನಡೆಯಲಿಲ್ಲ. ಅಪ್ಪನೇ ಎಲ್ಲ ಹಾಡಿನ ಹೆಸರು ಪಟಪಟ ಹೇಳಿಬಿಟ್ಟರು. ನಾವಿಬ್ಬರೂ ಮುಖ ಮುಖ ನೋಡಿಕೊಂಡೆವು. ಬಂಗಾರದ ಮನುಷ್ಯ ಬಿಟ್ಟು ಬೇರೆ ಕ್ಯಾಸೆಟ್ಟನ್ನು ಕೈಯಲ್ಲಿ ಮುಟ್ಟದ ಮನುಷ್ಯ ಅವರು. ತೋಟಕ್ಕೆ ಹೋಗುವಾಗ "ಅನಿಸುತಿದೆ ಯಾಕೋ ಇಂದು" ಗುನುಗುತ್ತಿದ್ದರು. ಕೆಲಸದವರು ನಕ್ಕರೆ ಇನ್ನೂ ಜೋರಾಗಿ ಗುನುಗುತ್ತಿದ್ದರು.

ಅಪ್ಪ ಮಳೆಯನ್ನು ಇಂಚಿನಲ್ಲಿ ಅಳೆದವರು. ಅಂಗಳದಲ್ಲಿ ಮಳೆ ಮಾಪಕ, ಪ್ರತಿ ಬೆಳಿಗ್ಗೆ ಡೈರಿಯಲ್ಲಿ ಲೆಕ್ಕ. ಮಾರ್ಚ್‌ನಲ್ಲಿ ಹೂಮಳೆ ಎಷ್ಟು ಬಿತ್ತು, ಅದರ ಹಿಂದೆ ಇನ್ನೊಂದು ಮಳೆ ಬಿತ್ತೋ ಇಲ್ಲವೋ, ಜುಲೈನಲ್ಲಿ ಎಷ್ಟಾಯಿತು, ಕಾಫಿ ಕಾಯಿ ಎಷ್ಟು ಉದುರಿತು. ನಮ್ಮ ಮನೆಯಲ್ಲಿ ಮಳೆ ಅಂದರೆ ಲೆಕ್ಕ, ಸಾಲ, ಫಸಲು. ಆ ಆಲ್ಬಮ್ ಬಂದ ಮೇಲೆ ಮೊದಲ ಸಲ ನಮಗೆ ಮಳೆ ಚೆಂದ ಅನಿಸಿತು. ಇದನ್ನು ನಾನು ಹಗುರವಾಗಿ ಹೇಳುತ್ತಿಲ್ಲ. ಮೂರು ತಿಂಗಳು ಜಿಗಣೆ ಕೀಳುತ್ತಾ, ಒದ್ದೆ ಬಟ್ಟೆ ಒಲೆ ಹತ್ತಿರ ಹಿಡಿದು ಒಣಗಿಸುತ್ತಾ ಬೆಳೆದ ಹುಡುಗರಿಗೆ ಕಿಟಕಿ ಪಕ್ಕ ಕೂತು ಸುಮ್ನೆ ಮಳೆ ನೋಡಬೇಕು ಅಂತ ಅನಿಸೋದು ದೊಡ್ಡ ವಿಷಯ.

ಆಮೇಲಿನ ಮೂರು ವರ್ಷ ಪೂರ್ತಿ ಮಳೆಯದ್ದೇ ಹಾಡು. 2006ರಲ್ಲಿ "ಮುಂಗಾರು ಮಳೆಯೇ", 2007ರಲ್ಲಿ ಮಿಲನದ "ಮಳೆ ನಿಂತು ಹೋದ ಮೇಲೆ", 2009ರಲ್ಲಿ ಮನಸಾರೆಯ "ಎಲ್ಲೋ ಮಳೆಯಾಗಿದೆಯೆಂದು". ಮೂರಕ್ಕೂ ಮನೋಮೂರ್ತಿ ಸಂಗೀತ. ಮೂರನ್ನೂ ಹಾಡಿದ್ದು ಸೋನು ನಿಗಮ್. ಮೊದಲನೆಯದನ್ನು ಬರೆದವರು ಯೋಗರಾಜ ಭಟ್ಟರು, ಉಳಿದೆರಡು ಜಯಂತ ಕಾಯ್ಕಿಣಿ. ಅಮೆರಿಕದಲ್ಲಿ ಮನೆ ಮಾಡಿದ ಒಬ್ಬರು, ಗೋಕರ್ಣದ ಒಬ್ಬರು, ಕನ್ನಡ ಮನೆಮಾತಲ್ಲದ ಒಬ್ಬರು. ಇವರು ಸೇರಿ ನಮ್ಮ ಮಳೆಯನ್ನು ನಮಗೇ ಹೊಸದಾಗಿ ತೋರಿಸಿದರು. ಆ ದಶಕದಿಂದ ಒಂದೇ ಒಂದು ಎತ್ತಿಕೋ ಅಂದರೆ ನಾನು ಕಣ್ಣು ಮುಚ್ಚಿ ಮುಂಗಾರು ಮಳೆ ಎತ್ತಿಕೊಳ್ಳುತ್ತೇನೆ. ಅದಕ್ಕೆ ಸಮನಾಗಿ ನಿಲ್ಲುವುದು ವಿ. ಹರಿಕೃಷ್ಣ ಅವರ ಗಾಳಿಪಟ ಒಂದೇ. "ಮಿಂಚಾಗಿ ನೀನು ಬರಲು" ಎಲ್ಲರೂ ಹೇಳುತ್ತಾರೆ. ನನಗೆ "ನದೀಂ ಧೀಂ ತನ" ಇನ್ನೂ ಇಷ್ಟ, ಚಿತ್ರಾ ಅವರ ದನಿಗೆ. ಆ ಸಿನಿಮಾದ ಮುಗಿಲ್‌ಪೇಟೆ ಅನ್ನುವ ಹೆಸರು ನಮ್ಮ ಮಾಂದಲ್‌ಪಟ್ಟಿಗೆ ಅಂಟಿಕೊಂಡುಬಿಟ್ಟಿತಲ್ಲ! ಈಗ ಜೀಪಿನವರೂ ಹಾಗೇ ಕರೆಯುತ್ತಾರೆ. ಒಂದು ಬೆಟ್ಟದ ಹೆಸರನ್ನೇ ಬದಲಾಯಿಸಿದ ಸಿನಿಮಾವನ್ನು ಪಟ್ಟಿಯಿಂದ ಬಿಡೋಕೆ ಆಗಲ್ಲ.

ಗಾಳಿಪಟದ ಕ್ಯಾಸೆಟ್ಟೇ ಡಬ್ಬಕ್ಕೆ ಹೋದ ಕೊನೆಯದು. ಆಮೇಲೆ ಎಂಪಿ3 ಸೀಡಿ ಬಂತು. ಒಂದರಲ್ಲೇ ನೂರು ಹಾಡು. ಮನಸಾರೆ ನಮಗೆ ಸಿಕ್ಕಿದ್ದು ಮೊಬೈಲಿನ ಮೆಮೊರಿ ಕಾರ್ಡಿನಲ್ಲಿ. ಬೂಷ್ಟು ಹಿಡಿಯೋದಿಲ್ಲ, ಡಬ್ಬ ಬೇಡ, ಸಭೆಯೂ ಬೇಡ. ಮನಸಾರೆಯ ಎಲ್ಲ ಹಾಡುಗಳ ಹೆಸರು ಈಗ ನೋಡದೆ ಹೇಳು ಅಂದರೆ ನಾನು ನಾಲ್ಕಕ್ಕೆ ನಿಲ್ಲುತ್ತೇನೆ. ಆಲ್ಬಮ್ ಕಳಪೆ ಅಂತ ಅಲ್ಲ. ಯಾರೂ ನನ್ನನ್ನು ಕೇಳಲಿಲ್ಲ, ಅಷ್ಟೇ.

ಹೀಗೆ ಬರೆಯುತ್ತಾ ಮೊನ್ನೆ ಪಟ್ಟಿ ಮುಗಿಸಿದೆ. ಮೊದಲ ಸಾಲಿನಲ್ಲಿ ಮುಂಗಾರು ಮಳೆ. ನಿನಗೆ ಕಳಿಸುವ ಮೊದಲು ಎಲ್ಲವನ್ನೂ ಒಮ್ಮೆ ಕೇಳಿಬಿಡೋಣ ಅಂತ ಕೂತೆ. ಜೋಗಿ ಕೇಳಿದೆ. ನೆನಪಿರಲಿ ಕೇಳಿದೆ. ಗಾಳಿಪಟ ಎರಡು ಸಲ. ಮುಂಗಾರು ಮಳೆ ಹಾಕಲು ಬೆರಳು ಹೋಗಲಿಲ್ಲ. 2018ರಿಂದ ನಾನು ಆ ಆಲ್ಬಮ್ ಕೇಳಿಯೇ ಇಲ್ಲ ಅಂತ ಆಗ ಹೊಳೆಯಿತು. ಕೇಳದೆ ಇಟ್ಟದ್ದಕ್ಕೆ ಮೊದಲ ಸ್ಥಾನ ಕೊಟ್ಟಿದ್ದೆ.

2018ರ ಆಗಸ್ಟ್ ನಿನಗೆ ಗೊತ್ತು. ಮಕ್ಕಂದೂರು, ಮುಕ್ಕೋಡ್ಲು, ಹಟ್ಟಿಹೊಳೆ, ಜೋಡುಪಾಲ. ಟಿವಿಯಲ್ಲಿ ಎಲ್ಲರೂ ನೋಡಿದ್ದಾರೆ. ಗುಡ್ಡ ಹರಿದು ಬಂದದ್ದು, ಮನೆಗಳು ಕೆಸರಿನಲ್ಲಿ ಇಳಿದದ್ದು. ಅದರ ಒಳಗೆ ನನಗೆ ಏನಾಯಿತು ಅಂತ ಮಾತ್ರ ಯಾರಿಗೂ ಹೇಳಿಲ್ಲ. ನಿನಗೂ ಹೇಳಿಲ್ಲ.

ನಾನು ಬೆಂಗಳೂರಿನಲ್ಲಿದ್ದೆ. ಅವ್ವ ವಿರಾಜಪೇಟೆಯಲ್ಲಿ ದೊಡ್ಡಮ್ಮನ ಮನೆಗೆ ಹೋಗಿದ್ದರು. ಮನೆಯಲ್ಲಿ ಅಪ್ಪ ಒಬ್ಬರೇ. ಆಗಸ್ಟ್ 15 ದಾಟಿದ ಮೇಲೆ ಫೋನ್ ಸಿಗಲಿಲ್ಲ. ವ್ಯಾಪ್ತಿ ಪ್ರದೇಶದ ಹೊರಗೆ ಅನ್ನುವ ಹೆಂಗಸಿನ ದನಿ ಮಾತ್ರ. ಒಂದು ರಾತ್ರಿ, ಒಂದು ಹಗಲು, ಇನ್ನೊಂದು ರಾತ್ರಿ. ಬೆಳಿಗ್ಗೆ ಮತ್ತೆ ಹಚ್ಚಿದಾಗ ಇದ್ದಕ್ಕಿದ್ದಂತೆ ಹಾಡು ಬಂತು. "ಮುಂಗಾರು ಮಳೆಯೇ". ಅಪ್ಪನ ಕಾಲರ್ ಟ್ಯೂನ್. 2010ರಲ್ಲಿ ನನ್ನ ಮೊದಲ ಸಂಬಳದಲ್ಲಿ ಅವರಿಗೆ ಫೋನ್ ತೆಗೆದುಕೊಟ್ಟಾಗ ನಾನೇ ಹಾಕಿಸಿದ್ದು.

ಹಾಡು ಬಂತು ಅಂದರೆ ಫೋನ್ ಜೀವಂತ ಇದೆ. ನಾನು ಅತ್ತುಬಿಟ್ಟೆ. ಎತ್ತುತ್ತಾರೆ, ಈಗ ಎತ್ತುತ್ತಾರೆ ಅಂತ ಕಾದೆ. ಎತ್ತಲಿಲ್ಲ. ಹಾಡು ಅರ್ಧದಲ್ಲಿ ತುಂಡಾಯಿತು. ಮತ್ತೆ ಹಚ್ಚಿದೆ. ಮತ್ತೆ ಅದೇ ಹಾಡು, ಮತ್ತೆ ಅದೇ ಜಾಗದಲ್ಲಿ ತುಂಡು. ಆ ದಿನ ನಲವತ್ತಕ್ಕೂ ಜಾಸ್ತಿ ಸಲ ಹಚ್ಚಿದೆ. ಪ್ರತಿ ಸಲ ಸೋನು ನಿಗಮ್ ಅಷ್ಟೇ ಪ್ರೀತಿಯಿಂದ ಶುರು ಮಾಡುತ್ತಿದ್ದರು. ಮಳೆಯ ಮೇಲೆ ಪ್ರೀತಿ. ಹೊರಗೆ ಟಿವಿಯಲ್ಲಿ ನಮ್ಮ ಗುಡ್ಡ.

ಮಧ್ಯಾಹ್ನ ಯಾರೋ ಎತ್ತಿದರು. ಹೆಂಗಸಿನ ದನಿ. ಮಡಿಕೇರಿಯ ಗಂಜಿ ಕೇಂದ್ರದಿಂದ. "ಈ ಚೀಲದಲ್ಲಿ ಫೋನ್ ಹೊಡ್ಕೊಳ್ತಾ ಇದೆ. ಚೀಲ ಇಲ್ಲಿದೆ. ಚೀಲದವರು ಬಂದಿಲ್ಲ" ಅಂದರು.

ಏನಾಗಿತ್ತು ಅಂದರೆ, ನಮ್ಮ ಕೆಳಗಿನ ಮನೆಯ ಅಜ್ಜಿಯನ್ನು ಕುರ್ಚಿಯಲ್ಲಿ ಕೂರಿಸಿ ಹೊತ್ತು ತರಬೇಕಿತ್ತು. ಕೈ ಖಾಲಿ ಇರಲಿ ಅಂತ ಅಪ್ಪ ತಮ್ಮ ಚೀಲವನ್ನು ಮುಂದೆ ಹೊರಟ ಜೀಪಿನ ಹುಡುಗನ ಕೈಗೆ ಕೊಟ್ಟಿದ್ದರು. ಜೀಪಿನ ಹಿಂದೆಯೇ ರಸ್ತೆ ಹೋಯಿತು. ಅಜ್ಜಿಯನ್ನು ಹೊತ್ತವರು ಗುಡ್ಡ ಹತ್ತಿ, ಇನ್ನೊಂದು ಕಡೆಯಿಂದ ಇಳಿದು, ಮರುದಿನ ಸಂಜೆ ಮಡಿಕೇರಿ ಮುಟ್ಟಿದರು. ಅಜ್ಜಿಗೂ ಏನೂ ಆಗಲಿಲ್ಲ. ಅಪ್ಪ ಚೀಲ ತೆರೆದು ಮೊದಲು ಮಳೆಯ ಡೈರಿಗಳು ಒದ್ದೆಯಾಗಿವೆಯಾ ಅಂತ ನೋಡಿದರಂತೆ. ಆಮೇಲೆ ನನಗೆ ಫೋನ್ ಮಾಡಿದರು.

ಮನೆ ಪೂರ್ತಿ ಹೋಗಲಿಲ್ಲ. ಅಡುಗೆಮನೆ ಕಡೆಯ ಭಾಗ ಇಳಿಯಿತು. ಒಲೆ, ಅಟ್ಟ, ಡಬ್ಬ, ಎಲ್ಲ. ಅಪ್ಪ ಅವ್ವ ಈಗ ಕುಶಾಲನಗರದಲ್ಲಿ ಬಾಡಿಗೆ ಮನೆಯಲ್ಲಿದ್ದಾರೆ. ಗುಡ್ಡದ ಕಡೆ ಮತ್ತೆ ಬರಲ್ಲ ಅಂತಾರೆ. ನಾನು ಬೆಂಗಳೂರು ಬಿಟ್ಟು ಬಂದು ಉಳಿದ ಎರಡು ಎಕರೆ ನೋಡಿಕೊಳ್ಳುತ್ತಿದ್ದೇನೆ.

ನೀನು ಆ ವರ್ಷ ಸೆಪ್ಟೆಂಬರಿನಲ್ಲಿ ಒಂದು ಮಾತೂ ಬರೆಯದೆ "ಮಳೆ ನಿಂತು ಹೋದ ಮೇಲೆ" ಹಾಡು ಕಳಿಸಿದ್ದೆ. ಸಮಾಧಾನ ಮಾಡಲಿಕ್ಕೆ ಅಂತ ನನಗೆ ಗೊತ್ತಿತ್ತು. ಆದರೂ ನಿನ್ನ ಮೇಲೆ ತುಂಬ ಸಿಟ್ಟು ಬಂತು. ಉತ್ತರ ಕೊಡಲಿಲ್ಲ. ಆಮೇಲೆ ನಾವು ಮಾತಾಡಿದೆವು, ನಗಾಡಿದೆವು, ಆದರೆ ಅದರ ಬಗ್ಗೆ ಇಬ್ಬರೂ ಎತ್ತಲಿಲ್ಲ. ಈಗ ಹೇಳುತ್ತಿದ್ದೇನೆ. ಸಿಟ್ಟು ನಿನ್ನ ಮೇಲೆ ಅಲ್ಲ. ಹಾಡಿನ ಮೇಲೆ. ಅಷ್ಟು ಚೆಂದ ಇತ್ತಲ್ಲ, ಅದಕ್ಕೆ.

ಇಷ್ಟೇ ಆಗಿದ್ದರೆ ಬರೆಯುತ್ತಿರಲಿಲ್ಲ. ಇನ್ನೊಂದು ಇದೆ. 2018ರಿಂದ ಇಲ್ಲಿಯವರೆಗೆ ನಾನು ಅಪ್ಪನಿಗೆ ಒಂದು ಸಲವೂ ನಾನಾಗಿ ಫೋನ್ ಮಾಡಿಲ್ಲ. ಅವ್ವನ ಫೋನಿಗೆ ಮಾಡುತ್ತೇನೆ. ವಾಟ್ಸಾಪಿನಲ್ಲಿ ಬರೆಯುತ್ತೇನೆ. ಇಲ್ಲ ಅಂದರೆ ಅವರೇ ಮಾಡಲಿ ಅಂತ ಕಾಯುತ್ತೇನೆ. ಅವರು ಪ್ರತಿ ಭಾನುವಾರ ಹನ್ನೊಂದು ಗಂಟೆಗೆ ಮಾಡುತ್ತಾರೆ. ಮಾಡಿ, ಎಷ್ಟು ಇಂಚು ಬಿತ್ತು ಅಂತ ಕೇಳುತ್ತಾರೆ. ಮಾಪಕ ಈಗ ನನ್ನ ಹತ್ತಿರ ಇದೆ. ಅವರು ಕುಶಾಲನಗರದಲ್ಲಿ ಕೂತು ಡೈರಿ ಬರೆದುಕೊಳ್ಳುತ್ತಾರೆ.

ಹೋದ ಭಾನುವಾರ ಇಂಚಿನ ಲೆಕ್ಕ ಎಲ್ಲ ಮುಗಿದ ಮೇಲೆ ಅಪ್ಪ ಕೇಳಿದರು: "ನನ್ನ ಫೋನಿಗೆ ಮಾಡಿದರೆ ಆ ಹಾಡು ಈಗಲೂ ಬರುತ್ತಾ? ತಿಂಗಳು ತಿಂಗಳು ದುಡ್ಡು ಕಟ್ ಆಗ್ತಾ ಇದೆ. ನನಗೆ ಕೇಳಿಸಲ್ವಲ್ಲ, ಅದಕ್ಕೆ ಕೇಳಿದೆ."

ನಾನು "ಬರುತ್ತೆ ಅಪ್ಪ" ಅಂದೆ.

ಕಾಲರ್ ಟ್ಯೂನ್ ಫೋನ್ ಇಟ್ಟುಕೊಂಡವರಿಗೆ ಕೇಳಿಸೋದೇ ಇಲ್ಲ ಅಂತ ನಾನು ಅಲ್ಲಿಯವರೆಗೆ ಯೋಚನೆಯೇ ಮಾಡಿರಲಿಲ್ಲ. ಮಾಡಿದವರಿಗೆ ಮಾತ್ರ ಕೇಳಿಸುತ್ತೆ. ಇಷ್ಟು ವರ್ಷ ಅಪ್ಪ ತಿಂಗಳು ತಿಂಗಳು ದುಡ್ಡು ಕೊಟ್ಟು ಉಳಿಸಿಕೊಂಡದ್ದು ಅವರು ಕೇಳಲಿಕ್ಕೆ ಅಲ್ಲ. ನಾನು ಹಾಕಿಸಿದ ಹಾಡು ನನಗೆ ಕೇಳಲಿ ಅಂತ. ನಾನು ಮಾಡಿಯೇ ಇಲ್ಲ. ಇದು ಅವರಿಗೆ ಗೊತ್ತಾ, ಗೊತ್ತಿಲ್ವಾ? ಆ ಭಾನುವಾರದಿಂದ ಇದೇ ಯೋಚನೆ. ನಿನ್ನ ಹತ್ತು ಆಲ್ಬಮ್ಮಿನ ಪಟ್ಟಿ ಮಾಡಲು ಕೂತವನು ಎಲ್ಲಿಗೆ ಬಂದೆ ನೋಡು.

ಇಷ್ಟು ಬರೆಯಬೇಕು ಅಂತ ಇರಲಿಲ್ಲ. ಮೇಲೆ ಹೋಗಿ ಓದಿದೆ. ಅಳಿಸೋಣ ಅನಿಸಿತು. ಆಮೇಲೆ ಬೇಡ ಅನಿಸಿತು. ಇರಲಿ. ಓದಿದವರು ಇವತ್ತು ಅವರವರ ಮನೆಯ ಹಳೆ ಕ್ಯಾಸೆಟ್ಟಿನ ಡಬ್ಬ ತೆಗೆದು ಒಂದು ಸಲ ಬಟ್ಟೆಯಲ್ಲಿ ಒರೆಸಿ ಇಟ್ಟರೆ ನನಗೆ ಅದೇ ಸಾಕು. ಮಳೆ ಜೋರಿದೆ, ಬೂಷ್ಟು ಹಿಡಿಯುತ್ತೆ.

ಈಗ ಪಟ್ಟಿ. ಮುಂಗಾರು ಮಳೆ. ಗಾಳಿಪಟ. ಜೋಗಿ. ನೆನಪಿರಲಿ (ನಿನ್ನ ಗೆಲುವು, ಫ್ರೇಮ್ ಹಾಕಿಸಿ ಇಟ್ಟುಕೋ). ಮಿಲನ. ಅಮೃತಧಾರೆ. ರಘು ದೀಕ್ಷಿತ್ ಅವರ 2008ರ ಆಲ್ಬಮ್. ಮನಸಾರೆ, ಆದರೆ ಅದಕ್ಕೆ ಮೊದಲು ನಾನು ಎಲ್ಲ ಹಾಡಿನ ಹೆಸರು ಬಾಯಿಪಾಠ ಮಾಡುತ್ತೇನೆ. ಎಂಟಾಯಿತು. ಎರಡು ಸೀಟು ಖಾಲಿ ಬಿಟ್ಟಿದ್ದೇನೆ, ನೀನು ತುಂಬು. ಜಸ್ಟ್ ಮಾತ್ ಮಾತಲ್ಲಿ ಅಂತ ನೀನು ಹೇಳೇ ಹೇಳ್ತೀಯ. "ಮುಂಜಾನೆ ಮಂಜಲ್ಲಿ" ಒಂದನ್ನೇ ನೆಚ್ಚಿಕೊಂಡು ಬರಬೇಡ. ಎರಡೂ ಬದಿ ಕೇಳುತ್ತೇನೆ, ಕವರ್ ನೋಡುವ ಹಾಗಿಲ್ಲ. ನಿಯಮ ನಿಯಮವೇ.

ಕಕ್ಕಡ 18ಕ್ಕೆ ಬಾ. ಅವ್ವ ಮದ್ದುಸೊಪ್ಪಿನ ಪಾಯಸ ಮಾಡುತ್ತಾರೆ. ನಾಲಿಗೆ ನೇರಳೆ ಮಾಡಿಕೊಂಡು ಹಳೆಯ ಹಾಗೇ ಫೋಟೋ ತೆಗೆಸಿಕೊಳ್ಳೋಣ. ಕಣಿಲೆಯೂ (ಎಳೆ ಬಿದಿರು) ಸಿಕ್ಕಿದೆ. ಬರುವಾಗ ನಿನ್ನ ಹಳೆಯ ಟೇಪ್ ರೆಕಾರ್ಡರ್ ಇದ್ದರೆ ತಾ. ಇಲ್ಲಿ ರಿಪೇರಿ ಮಾಡುವವರು ಒಬ್ಬರು ಇನ್ನೂ ಇದ್ದಾರೆ.

ಅದಕ್ಕೂ ಮೊದಲು ನನಗೊಂದು ಉಪಕಾರ ಮಾಡು. ಅಪ್ಪನ ನಂಬರ್ ನಿನ್ನ ಹತ್ತಿರ ಇದೆ, ಹಳೆಯದೇ. ಒಂದು ಸಲ ಹಚ್ಚಿ ನೋಡು. ಹಾಡು ಬರುತ್ತಾ ಇಲ್ವಾ ಅಂತ ಮಾತ್ರ ನನಗೆ ಹೇಳು. ಬೇಗ ಕೇಳಿಸಿಕೋ. ಈಗ ಅವರು ಹಾಡನ್ನು ಜಾಸ್ತಿ ಹೊತ್ತು ಓಡಲು ಬಿಡಲ್ಲವಂತೆ. ಅವ್ವ ಹೇಳಿದರು, ಫೋನ್ ಯಾವಾಗಲೂ ಅಂಗಿ ಜೇಬಿನಲ್ಲೇ ಇರುತ್ತಂತೆ, ಹೊಡೆದ ಕೂಡಲೇ ಎತ್ತುತ್ತಾರಂತೆ.

ನಿನ್ನ,
ಪಕ್ಕದ ತೋಟದವನು